ಬಿಸಿ ಇದ್ದಾಗಲೇ ತನ್ನಿ

ನನ್ನ ಯೆಜ್ಡಿಗೆ ಬೆಳಗಿನ ಹೊತ್ತು ಯಾವ ಕಾಯಿಲೆಯೂ ಇರಲಿಲ್ಲ. ಚಿತ್ರದುರ್ಗದ ಸಂತೆಹೊಂಡದ ಕಡೆಯ ಬಾಡಿಗೆ ಕೋಣೆಯಿಂದ ಅದನ್ನು ಬೀದಿಗಿಳಿಸಿ, ಕಾರ್ಬೊರೇಟರಿನ ಮೇಲಿನ ಗುಂಡಿಯನ್ನು ಪೆಟ್ರೋಲು ಒಸರುವ ತನಕ ಒತ್ತಿ ಕಿಕ್ ಕೊಟ್ಟರೆ ಸಾಕು, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಿಟ್ಟುಕೊಂಡು ಎದ್ದುಬಿಡುತ್ತಿತ್ತು. ಎದುರು ಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಿನ್ ಗಾಡಿ ಬಂದ್ಮೇಲೆ ಈ ಬೀದೀಲಿ ಸೊಳ್ಳೆ ಇಲ್ಲ ಕಣಪ್ಪ" ಅನ್ನುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಗಾಡಿ ಕೆಡುತ್ತಿದ್ದುದು ಹೊಳಲ್ಕೆರೆ ಇನ್ನೇನು ಬಂತು ಅನ್ನುವಾಗ. ಮೊದಲು ಪಿಕಪ್ಪು ಸ್ವಲ್ಪ ಇಳಿಯುತ್ತಿತ್ತು. ಆಮೇಲೆ ಮಿಸ್ ಹೊಡೆಯಲು ಶುರು, ಸೈಲೆನ್ಸರಿನಲ್ಲಿ ಟಪ್ ಟಪ್ ಎಂದು ಪಟಾಕಿ, ಕೊನೆಗೆ ಸದ್ದೇ ಇಲ್ಲ. ಎಷ್ಟು ಒದ್ದರೂ ಇಲ್ಲ. ಹುಣಸೆ ಮರದ ಕೆಳಗೆ ನಿಲ್ಲಿಸಿ ಒಂದು ಸಿಗರೇಟು ಸೇದಿ, ಬ್ಯಾಗಿನಲ್ಲಿದ್ದ ಔಷಧಿ ಸ್ಯಾಂಪಲ್ಲುಗಳನ್ನು ಜೋಡಿಸಿಟ್ಟು, ಅರ್ಧ ಗಂಟೆ ಬಿಟ್ಟು ಒದ್ದರೆ ಏನೂ ಆಗಿಯೇ ಇಲ್ಲ ಅನ್ನುವಂತೆ ಎದ್ದು ಓಡುತ್ತಿತ್ತು. ಎರಡನೇ ಸಲ ನಿಲ್ಲುವುದಕ್ಕೆ ಮಾತ್ರ ಅಷ್ಟು ದೂರ ಬೇಕಾಗುತ್ತಿರಲಿಲ್ಲ.

1980ರ ದಶಕದ ಕೊನೆಯ ವರ್ಷಗಳವು. ನಾನು ಔಷಧ ಕಂಪನಿಯೊಂದರ ಮೆಡಿಕಲ್ ರೆಪ್. ನನ್ನ ಪಾಲಿಗೆ ಬಂದ ಸುತ್ತು ಹೀಗಿತ್ತು: ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ರಾತ್ರಿ ಅಲ್ಲೇ ಲಾಡ್ಜು. ಮರುದಿನ ವಾಣಿವಿಲಾಸಪುರದ ಮೇಲೆ ಹಿರಿಯೂರು. ಹಿರಿಯೂರಿನ ಡಾಕ್ಟರುಗಳನ್ನು ಮುಗಿಸಿ ಸಂಜೆ ರಾಷ್ಟ್ರೀಯ ಹೆದ್ದಾರಿ 4 ಹಿಡಿದು ನಲವತ್ತು ಕಿಲೋಮೀಟರು ಓಡಿಸಿದರೆ ಮತ್ತೆ ದುರ್ಗ. ಬಸ್ಸಿನಲ್ಲಿ ಈ ಸುತ್ತು ಹಾಕಿದರೆ ಡಾಕ್ಟರು ಊಟಕ್ಕೆ ಎದ್ದ ಮೇಲೆ ನಾವು ಕ್ಲಿನಿಕ್ಕು ಮುಟ್ಟುತ್ತಿದ್ದೆವು. ಹಾಗಾಗಿ ಗಾಡಿ ಇಲ್ಲದ ರೆಪ್ಪು ರೆಪ್ಪೇ ಅಲ್ಲ. ಟೈ ಕಟ್ಟಿಕೊಂಡು ನಡುಬಿಸಿಲಲ್ಲಿ ಗಾಡಿ ತಳ್ಳುವ ಮನುಷ್ಯನನ್ನು ಅದಿರು ಲಾರಿಯ ಕ್ಲೀನರುಗಳು ಹೇಗೆ ನೋಡುತ್ತಿದ್ದರು ಅನ್ನುವುದನ್ನು ವಿವರಿಸುವುದು ಬೇಡ.

ಯೆಜ್ಡಿ ಬಗ್ಗೆ ಎರಡು ಮಾತು. ಈಗಿನ ಹುಡುಗರಿಗೆ ಅದು 2022ರಲ್ಲಿ ಮತ್ತೆ ಬಂದ ಹೆಸರು. ನಮಗದು ಮೈಸೂರಿನ ಗಾಡಿ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಚೆಕೊಸ್ಲೊವಾಕಿಯದ ಜಾವಾವನ್ನು ತಯಾರಿಸುತ್ತಿತ್ತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಹೊತ್ತುಕೊಂಡಿತು. 250 ಸಿಸಿ, ಎರಡು ಸ್ಟ್ರೋಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಪೆಡಲ್ಲೇ ಗೇರಿನ ಪೆಡಲ್ಲೂ ಆಗುತ್ತಿತ್ತು. ಹೊಸಬರು ಅದರ ಕಿಕ್ಕರ್ ಎಲ್ಲಿದೆ ಎಂದು ಹುಡುಕುವುದನ್ನು ನೋಡುವುದೇ ಒಂದು ಮೋಜು. ಬೀಗದ ಕೈ ಕಳೆದರೆ ಮೊಳೆಯೂ ಆದೀತು ಅನ್ನುತ್ತಿದ್ದರು. ಪೆಟ್ರೋಲಿಗೆ ಆಯಿಲ್ಲನ್ನು ನಾವೇ ಬೆರೆಸಬೇಕು. ನಾನು ಲೀಟರಿಗೆ ನಲವತ್ತು ಮಿಲಿ ಹಾಕಿಸುತ್ತಿದ್ದೆ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನನ್ನದು ಸೆಕೆಂಡ್ ಹ್ಯಾಂಡು. ನನಗೆ ಸಿಗುವ ಹೊತ್ತಿಗೆ ಅದರ ಒಳಗಿದ್ದ ಸಣ್ಣಪುಟ್ಟ ಸಾಮಾನುಗಳಲ್ಲಿ ಕಾರ್ಖಾನೆಯವು ಎಷ್ಟು, ದಾರಿಯಲ್ಲಿ ಸೇರಿಕೊಂಡವು ಎಷ್ಟು ಎಂದು ಆ ಗಾಡಿಗೇ ನೆನಪಿರಲಿಕ್ಕಿಲ್ಲ.

ದುರ್ಗದ ಮೆಕ್ಯಾನಿಕ್ಕು ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಜೆಟ್ಟಿಗೆ ಬಾಯಿಟ್ಟು ಊದಿ, ಮೇದೆಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಗಾಡಿ ಹುಲಿ ಇದ್ದಂಗಿದೆ, ತಗೊಂಡೋಗಿ" ಅಂದ. ಹುಲಿಯೇ. ಐದು ಕಿಲೋಮೀಟರಿಗೆ ಅದು ಯಾವತ್ತೂ ಹುಲಿಯೇ ಆಗಿತ್ತು. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಬಳಿಯ ಮೇಸ್ತ್ರಿ ಕಿಕ್ಕನ್ನು ಕೈಯಲ್ಲೇ ಒತ್ತಿ ನೋಡಿ, ಬೋರು ಹೋಗಿದೆ, ಬಿಸಿಯಾದರೆ ಪ್ರೆಶರ್ ನಿಲ್ಲುವುದಿಲ್ಲ, ರಿಂಗು ಬದಲಾಯಿಸಬೇಕು ಅಂದರು. ಅವರ ವಾದ ಸುಳ್ಳಲ್ಲ. ರಿಂಗು ಸವೆದ ಎಂಜಿನ್ನು ಬಿಸಿಯಲ್ಲಿ ಸೋಲುವುದುಂಟು. ಸಿಲಿಂಡರು ಬಿಚ್ಚಿ ರಿಂಗು ಹಾಕಿದರು. ಬಯಲು ಗಣಪತಿಗೆ ಒಂದು ಕೈ ಮುಗಿದು ಹೊರಟೆ. ಹೊಸದುರ್ಗದ ದಾರಿಯಲ್ಲಿ, ತೆಂಗಿನ ತೋಟಗಳು ಶುರುವಾಗುವ ಕಡೆ, ಗಾಡಿ ಹೊಸ ರಿಂಗಿನ ಸಮೇತ ನಿಂತಿತು.

ಹೊಸದುರ್ಗದವನದು ಟ್ಯಾಂಕಿನ ಮುಚ್ಚಳದ ಸಿದ್ಧಾಂತ. ಇದನ್ನು ನಾನು ಈಗಲೂ ಗೌರವಿಸುತ್ತೇನೆ; ಬಿಸಿಯಾದರೆ ನಿಲ್ಲುತ್ತೆ ಎಂದು ಯಾರೇ ಬಂದರೂ ಮೊದಲು ನೋಡಬೇಕಾದದ್ದು ಇದನ್ನೇ, ಕಾಸು ಖರ್ಚಿಲ್ಲದ ಪರೀಕ್ಷೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸೂಜಿಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲು ಕೆಳಗಿಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ನಮ್ಮ ಕಡೆಯ ರಸ್ತೆಗಳಲ್ಲಿ ಕಬ್ಬಿಣದ, ಮ್ಯಾಂಗನೀಸಿನ ಅದಿರು ಹೊತ್ತ ಲಾರಿಗಳು ಎಬ್ಬಿಸುವ ಕೆಂಪು ಧೂಳು ಆ ತೂತಿನಲ್ಲಿ ಕೂತು, ಮೇಲೆ ಒಂದು ಹನಿ ಪೆಟ್ರೋಲು ಬಿದ್ದರೆ ಮುಗಿಯಿತು, ಸಿಮೆಂಟು. ಟ್ಯಾಂಕಿನ ಒಳಗೆ ನಿರ್ವಾತ ಕಟ್ಟಿ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರು ಓಡಿ ಗಾಡಿ ಸಾಯುತ್ತದೆ, ಸ್ವಲ್ಪ ಹೊತ್ತು ನಿಂತರೆ ಗಾಳಿ ಹೇಗೋ ಒಸರಿಕೊಂಡು ಮತ್ತೆ ಬದುಕುತ್ತದೆ. ನೋಡುವವರಿಗೆ ಎಂಜಿನ್ ಬಿಸಿಯಾಗಿ ನಿಂತಂತೆಯೇ ಕಾಣುವುದು. ಬಿಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಗಾಡಿ ನಿಂತ ತಕ್ಷಣ ಮುಚ್ಚಳ ತೆರೆಯಬೇಕು. ಉಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಕಿಕ್ಕಿಗೆ ಗಾಡಿ ಎದ್ದರೆ ರೋಗ ಸಿಕ್ಕಿತು. ಇನ್ನೊಂದು ಕಂಪನಿಯ ರೆಪ್ಪೊಬ್ಬನ ಗಾಡಿಯನ್ನು ಹೀಗೆ ಒಂದು ಗುಂಡುಸೂಜಿಯಲ್ಲಿ ವಾಸಿ ಮಾಡಿದ್ದನ್ನು ನಾನೇ ಕಂಡಿದ್ದೇನೆ. ನನ್ನ ಟ್ಯಾಂಕು ಮಾತ್ರ ಉಸ್ಸ್ ಅನ್ನಲಿಲ್ಲ.

ಹೊಸದುರ್ಗದಲ್ಲಿ ನಾನು ಭೇಟಿ ಮಾಡುತ್ತಿದ್ದ ಒಬ್ಬ ಹಿರಿಯ ಡಾಕ್ಟರಿದ್ದರು. ನನ್ನ ಔಷಧಗಳಿಗಿಂತ ನನ್ನ ಗಾಡಿಯ ಮೇಲೆ ಅವರಿಗೆ ಆಸಕ್ತಿ ಹೆಚ್ಚು. ಸರ್ಕಾರಿ ನೌಕರಿಯ ಮೊದಲ ವರ್ಷಗಳನ್ನು ಅವರು ಹಿರಿಯೂರಿನ ಕಡೆ ಕಳೆದಿದ್ದರು. ಮಾರಿಕಣಿವೆ ಅಣೆಕಟ್ಟಿನ ನಾಲೆ ಬಂದ ಮೇಲೆ ಹಿರಿಯೂರು ಮಲೇರಿಯಕ್ಕೆ ಹೆಸರಾದ ಊರು. ಅಲ್ಲಿನ ನೌಕರಿ ಅಂದರೆ ಜನ ಹೆದರುತ್ತಿದ್ದ ಕಾಲವೊಂದಿತ್ತು. ನಾನು ಮೂರು ಊರಿನ ಮೂರು ಮೇಸ್ತ್ರಿಗಳ ಕಥೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು ನಕ್ಕರು. "ಚಳಿಜ್ವರದವನು ಜ್ವರ ಬಿಟ್ಟ ಮೇಲೆ ನಗ್ತಾ ನಗ್ತಾ ಬಂದು ರಕ್ತ ಕೊಡ್ತಾನೆ, ಸ್ಲೈಡಿನಲ್ಲಿ ಏನೂ ಕಾಣಲ್ಲ. ಮೈ ಕೆಂಡ ಆಗಿದ್ದಾಗ ಮನೆಗೇ ಹೋಗಿ ಬೆರಳು ಚುಚ್ಚಬೇಕು ಕಣಯ್ಯ. ನಿನ್ನ ಮೆಕ್ಯಾನಿಕ್ಕುಗಳೆಲ್ಲ ಜ್ವರ ಬಿಟ್ಟ ಮೇಲೆ ನೋಡ್ತಿದಾರೆ" ಅಂದರು. ಗಾಡಿ ರಿಪೇರಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಹೇಳಿದವರು ಜೀವಮಾನದಲ್ಲಿ ಸ್ಪ್ಯಾನರು ಹಿಡಿದವರಲ್ಲ.

ಈ ಮಾತಿನ ಅರ್ಥ ಹೇಳದೆಯೇ ತಿಳಿದಿದ್ದ ಮನುಷ್ಯ ಹಿರಿಯೂರಿನಲ್ಲಿದ್ದರು. ಹೆದ್ದಾರಿಯ ಪಕ್ಕ ಹೊಂಗೆಮರದ ಕೆಳಗೆ ಒಂದು ತಗಡಿನ ಶೆಡ್ಡು, ಬೋರ್ಡಿಲ್ಲ. ಎಲ್ಲರೂ ಅವರನ್ನು ಸಾಬ್ರು ಅನ್ನುತ್ತಿದ್ದರು. ಲಾರಿಗಳ ಡೈನಮೊ, ಸೆಲ್ಫು, ವೈರಿಂಗು ಅವರ ಕಸುಬು. ಬೈಕು ಮುಟ್ಟುತ್ತಿದ್ದುದು ಬಿಡುವಾದರೆ ಮಾತ್ರ. ಲಾಡ್ಜಿನವನು ಹೇಳಿದ ಮೇಲೆ ನಾನು ಒಂದು ಬೆಳಿಗ್ಗೆ ಗಾಡಿ ತೆಗೆದುಕೊಂಡು ಅವರ ಮುಂದೆ ನಿಂತೆ. ಅವರು ಟೀ ಲೋಟ ಕೆಳಗಿಡದೆ ಕೇಳಿಸಿಕೊಂಡರು. ಗಾಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಈಗ ಓಡ್ತಿದೆಯಾ?"

"ಓಡ್ತಿದೆ ಸಾಬ್ರೇ."

"ಓಡೋ ಗಾಡಿ ನಾನ್ಯಾಕೆ ಬಿಚ್ಚಲಿ ಸಾರ್? ಸತ್ತಾಗ ತನ್ನಿ."

"ಸತ್ತಾಗ ಹೆಂಗೆ ತರೋದು? ಸಾಯೋದು ಇಪ್ಪತ್ತು ಕಿಲೋಮೀಟರ್ ಆಚೆ. ತಳ್ಳಿಕೊಂಡು ಬರೋ ಹೊತ್ತಿಗೆ ಮತ್ತೆ ಜೀವ ಬಂದಿರುತ್ತೆ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಮಧ್ಯಾಹ್ನ ಬನ್ನಿ, ಬಿಸಿಲು ಚೆನ್ನಾಗಿ ಏರಲಿ. ನಾನೂ ಬರ್ತೀನಿ" ಅಂದರು.

ಮಧ್ಯಾಹ್ನ ಅವರು ಹಿಂದಿನ ಸೀಟಿಗೆ ಹತ್ತಿದಾಗ ಅವರ ಬಳಿ ಇದ್ದದ್ದು ಇಷ್ಟು: ಅಂಗಿ ಜೇಬಿನಲ್ಲಿ ಒಂದು ಹೊಸ ಮೈಕೋ ಪ್ಲಗ್ಗು, ಪ್ಲಗ್ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಮೊಳ ವೈರು, ಮತ್ತು ಅಂಬಾಸಡರ್ ಕಾರಿನಿಂದ ಬಿಚ್ಚಿದ ಒಂದು ಕಂಡೆನ್ಸರು. ಹಿರಿಯೂರಿನಿಂದ ವಾಣಿವಿಲಾಸಪುರದ ರಸ್ತೆ ಹಿಡಿದೆವು. ಏಪ್ರಿಲ್ ತಿಂಗಳು, ಡಾಂಬರು ಮೆತ್ತಗಾಗಿ ಟೈರಿಗೆ ಅಂಟುತ್ತಿತ್ತು. ಹಿಂದೆ ಒಬ್ಬರು ಕೂತ ಭಾರಕ್ಕೋ ಬಿಸಿಲಿಗೋ, ಕಣಿವೆ ಮಾರಮ್ಮನ ಗುಡಿ ಹತ್ತಿರವಾಗುವ ಮೊದಲೇ ಮಿಸ್ ಹೊಡೆಯಲು ಶುರುವಾಯಿತು. ನಾನು ಎಂದಿನಂತೆ ಆಕ್ಸಿಲರೇಟರ್ ಬಿಡಲು ಹೋದರೆ ಸಾಬ್ರು ಹಿಂದಿನಿಂದ ಕೂಗಿದರು: "ಬಿಡಬೇಡಿ, ಸಾಯಲಿ! ಪೂರ್ತಿ ಸಾಯಲಿ!" ದಾರಿಯಲ್ಲಿ ಹೋಗುತ್ತಿದ್ದ ಕುರಿ ಮೇಯಿಸುವವನು ತಿರುಗಿ ನೋಡಿದ.

ಗುಡಿಯ ಮುಂದೆ ಗಾಡಿ ಸತ್ತಿತು. ಸಾಬ್ರು ಇಳಿದವರೇ ಒಂದು ಕ್ಷಣವೂ ಕಳೆಯಲಿಲ್ಲ. ಅವರ ಅವಸರ ನೋಡಿದರೆ ಕಳ್ಳನ ಕೈ ಹಿಡಿದಂತಿತ್ತು. ಮೊದಲು ಟ್ಯಾಂಕಿನ ಮುಚ್ಚಳ ತೆರೆದರು. ಸದ್ದಿಲ್ಲ. ಕಾರ್ಬೊರೇಟರಿನ ಗುಂಡಿ ಒತ್ತಿದರು, ಪೆಟ್ರೋಲು ತಕ್ಷಣ ಉಕ್ಕಿತು. ಅಲ್ಲಿಗೆ ಪೆಟ್ರೋಲಿನ ಕಡೆಯ ಅರ್ಧ ಜಗತ್ತು ಪಟ್ಟಿಯಿಂದ ಹೊರಬಿತ್ತು. ಕಿಕ್ಕನ್ನು ಕೈಯಲ್ಲಿ ಒತ್ತಿದರು: ಪ್ರೆಶರ್ ಇದೆ, ಪಿಸ್ಟನ್ ಜಾಮಿಲ್ಲ. ಕಾದ ಪ್ಲಗ್ಗನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು ಬಿಚ್ಚಿದರು. ಒದ್ದೆ. "ಎಣ್ಣೆ ಬರ್ತಿದೆ, ಬೆಂಕಿ ಬರ್ತಿಲ್ಲ" ಅಂದರು. ಹೊಸ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ ಹೆಡ್ಡಿನ ಮೇಲಿಟ್ಟು ನನಗೆ ಕಿಕ್ ಹೊಡೆಯಲು ಹೇಳಿ, ಬಿಸಿಲಿಗೆ ಅಡ್ಡವಾಗಿ ಬಗ್ಗಿ ಕೈ ಮರೆ ಮಾಡಿದರು. ಬೆಳಿಗ್ಗೆ ನೋಡಿದ್ದರೆ ಚಟ್ ಎಂದು ನೀಲಿ ಕಿಡಿ ಹಾರಬೇಕಿದ್ದ ಜಾಗದಲ್ಲಿ ತೆಳ್ಳಗೆ, ಹಳದಿಯಾಗಿ, ಒಂದು ಬಂದರೆ ಒಂದು ಬರದಂತೆ ಏನೋ ಮಿನುಗಿತು. ಹೊಸ ಪ್ಲಗ್ಗಿಗೂ ಅದೇ ಗತಿ. ಹಾಗಾಗಿ ಪ್ಲಗ್ಗೂ ಪಟ್ಟಿಯಿಂದ ಹೊರಗೆ.

ಬಲಗಡೆಯ ಮುಚ್ಚಳ ಬಿಚ್ಚಿದರು. ಪಾಯಿಂಟು ಅಲ್ಲಿದೆ. ಮತ್ತೊಂದು ಕಿಕ್. ಪಾಯಿಂಟು ತೆರೆಯುವಾಗೊಮ್ಮೆ ಅಲ್ಲೇ, ಪ್ಲಗ್ಗಿನಲ್ಲಿ ಬರಬೇಕಾದ ಬೆಂಕಿ ಅಲ್ಲೇ, ನೀಲಿಯಾಗಿ ಚಿಟಚಿಟ ಅನ್ನುತ್ತಿತ್ತು. ಸಾಬ್ರು ನನ್ನ ತಲೆಯನ್ನು ಹಿಡಿದು ಬಗ್ಗಿಸಿ ತೋರಿಸಿದರು.

ಏನಾಗುತ್ತಿತ್ತು ಅನ್ನುವುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆರು ವೋಲ್ಟಿನ ಬ್ಯಾಟರಿಯಿಂದ ಹೊರಟ ಕರೆಂಟು ಕಾಯಿಲಿನ ದಪ್ಪ ತಂತಿಯ ಸುತ್ತಿನಲ್ಲಿ ಹರಿದು, ಪಾಯಿಂಟಿನ ಮೂಲಕ ಗಾಡಿಯ ಬಾಡಿಗೆ ಇಳಿಯುತ್ತದೆ. ಪಾಯಿಂಟು ಅಂದರೆ ಒಂದನ್ನೊಂದು ಮುಟ್ಟಿಕೊಂಡಿರುವ ಎರಡು ಪುಟ್ಟ ಬಿಲ್ಲೆಗಳು. ಎಂಜಿನ್ನಿನ ಜೊತೆ ತಿರುಗುವ ಕ್ಯಾಮು ಸರಿಯಾದ ಗಳಿಗೆಯಲ್ಲಿ ಅವನ್ನು 0.4 ಮಿಲಿಮೀಟರಿನ ಆಸುಪಾಸು ಬಿಡಿಸುತ್ತದೆ. ಕರೆಂಟು ತಟ್ಟನೆ ಕಡಿದುಹೋದಾಗ ಕಾಯಿಲಿನ ಕಾಂತಕ್ಷೇತ್ರ ಕುಸಿಯುತ್ತದೆ, ಆ ಕುಸಿತಕ್ಕೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟುತ್ತದೆ, ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಆದರೆ ಹರಿಯುತ್ತಿದ್ದ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಬಿಡಿಸಿಕೊಂಡ ಬಿಲ್ಲೆಗಳ ಸಂದನ್ನೇ ಹಾರಿ ಹೋಗಲು ನೋಡುತ್ತದೆ. ಅದನ್ನು ಆ ಕ್ಷಣಕ್ಕೆ ತನ್ನೊಳಗೆ ಎಳೆದುಕೊಳ್ಳುವುದು ಪಕ್ಕದಲ್ಲಿ ಕೂತಿರುವ ಕಂಡೆನ್ಸರಿನ ಕೆಲಸ. ಹೆಬ್ಬೆರಳಿಗಿಂತ ಚಿಕ್ಕ ತಗಡಿನ ಡಬ್ಬಿ, ಒಳಗೆ ಲೋಹದ ತೆಳುಹಾಳೆ, ನಡುವೆ ಕರೆಂಟು ದಾಟದ ಕಾಗದ, ಎಲ್ಲ ಸೇರಿಸಿ ಸುತ್ತಿದ ಸುರುಳಿ. ಕಾಗದ ಹಳತಾದರೆ, ಒಳಗೆ ತೇವ ಸೇರಿದರೆ, ತಣ್ಣಗಿದ್ದಾಗ ಹೇಗೋ ತಡೆದುಕೊಂಡು ಬಿಸಿಯಾದಾಗ ಸೋರತೊಡಗುತ್ತದೆ. ಅಲ್ಲಿಗೆ ಕಿಡಿ ಪಾಯಿಂಟಿನಲ್ಲೇ ಹಾರಿ ಮುಗಿದು, ಪ್ಲಗ್ಗಿನ ಪಾಲಿಗೆ ಉಳಿಯುವುದು ಹಳದಿ ಮಿಣುಕು. ಈ ಡಬ್ಬಿ ಕೂತಿರುವುದೋ ಎಂಜಿನ್ನಿನ ಮಗ್ಗುಲಲ್ಲೇ, ಮುಚ್ಚಳದ ಒಳಗೆ.

ಸಾಬ್ರು ಹಳೇ ಕಂಡೆನ್ಸರಿನ ವೈರನ್ನು ಪಾಯಿಂಟಿನಿಂದ ಬಿಚ್ಚಿ, ಅಂಬಾಸಡರಿನ ಕಂಡೆನ್ಸರನ್ನು ಆ ಮೊಳ ವೈರಿನಿಂದ ಜೋಡಿಸಿ, ಅದರ ಮೈಯನ್ನು ಫ್ರೇಮಿನ ಒಂದು ಬೋಲ್ಟಿಗೆ ಸಿಕ್ಕಿಸಿದರು. ಕಿಕ್. ಎಂಜಿನ್ನಿನ ಮೇಲೆ ಕೈ ಇಡಲಾಗದಷ್ಟು ಬಿಸಿ ಇನ್ನೂ ಇತ್ತು, ಗಾಡಿ ಎದ್ದಿತು.

ಖುಷಿಯಾಗಿ ಜೇಬಿಗೆ ಕೈ ಹಾಕಿದ ನನ್ನನ್ನು ಅವರು ತಡೆದರು. "ಇನ್ನೂ ಗೊತ್ತಾಗಿಲ್ಲ ಸಾರ್. ಹೊಸದು ಹಾಕಿದ್ದಕ್ಕೆ ಎದ್ದಿತೋ, ಇಷ್ಟೊತ್ತು ನಿಂತಿದ್ದಕ್ಕೆ ಎದ್ದಿತೋ?" ಮಾರಿಕಣಿವೆಯ ಅಣೆಕಟ್ಟಿನ ತನಕ ಹೋಗಿ ಬಂದೆವು. ನಿಲ್ಲಲಿಲ್ಲ. ಮತ್ತೊಂದು ಸುತ್ತು ಹೋಗಿ ಬಂದೆವು. ನಿಲ್ಲಲಿಲ್ಲ. ಆಗ ಅವರು ಮಾಡಿದ್ದನ್ನು ನಾನು ಅದಕ್ಕೆ ಮೊದಲು ಯಾವ ಗ್ಯಾರೇಜಿನಲ್ಲೂ ನೋಡಿರಲಿಲ್ಲ: ಗಾಡಿ ಚೆನ್ನಾಗಿ ಓಡುತ್ತಿರುವಾಗ ನಿಲ್ಲಿಸಿ, ಒಳ್ಳೆಯ ಕಂಡೆನ್ಸರು ಬಿಚ್ಚಿ, ಕೆಟ್ಟದ್ದನ್ನೇ ಮತ್ತೆ ಜೋಡಿಸಿದರು. ಒಂದು ಫರ್ಲಾಂಗು ಹೋಗುವುದರೊಳಗೆ ಟಪ್ ಟಪ್ ಶುರುವಾಗಿ ಗಾಡಿ ನಿಂತಿತು. "ಈಗ ಗೊತ್ತಾಯ್ತು" ಎಂದು ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೊದಲ ಬೀಡಿ ಹಚ್ಚಿದರು.

ಎಲ್ಲ ಮೇಸ್ತ್ರಿಗಳೂ ಗಾಡಿ ಓಡಿಸಿ ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಇವರು ಅದನ್ನು ತಮ್ಮ ಕೈಯಾರೆ ಕೆಡಿಸಿ ತೋರಿಸಿ ತೆಗೆದುಕೊಂಡರು. ರೋಗ ಹೋಯಿತು ಅನ್ನುವುದಕ್ಕಿಂತ, ಬೇಕೆಂದಾಗ ಅದನ್ನು ಕರೆಸಬಲ್ಲೆ ಅನ್ನುವುದು ದೊಡ್ಡ ಗ್ಯಾರಂಟಿ. ಪ್ರಯೋಗಾಲಯದವರು ಇದಕ್ಕೆ ಏನೇನೋ ಹೆಸರಿಟ್ಟಿದ್ದಾರು. ಇದು ಕಣಿವೆ ಮಾರಮ್ಮನ ಗುಡಿ ಮುಂದೆ, ತೆಂಗಿನಕಾಯಿ ಚೂರು ಆಯಲು ಬಂದ ಮಕ್ಕಳ ಎದುರಿಗೆ, ಬೀಡಿ ಹಚ್ಚುವ ಮೊದಲು ನಡೆದದ್ದು.

ಮಾರಿಕಣಿವೆ ಎಂಬ ಹೆಸರೇ ಆ ಅಮ್ಮನಿಂದ ಬಂದದ್ದು. ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಆ ಕಟ್ಟೆ ಮುಗಿದದ್ದು 1907ರಲ್ಲಿ. ನಿಲ್ಲಬೇಕಾದ ನೀರು 130 ಅಡಿ. ಆದರೆ ನಾವು ನೋಡಿದ ಕಾಲಕ್ಕೆಲ್ಲ ನೀರು ತಳದಲ್ಲಿ ಎಲ್ಲೋ ಇರುತ್ತಿತ್ತು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತಂತೆ ಎಂದು ಸಾಬ್ರು ತಮ್ಮ ತಂದೆ ಕಂಡದ್ದನ್ನು ಹೇಳುತ್ತಿದ್ದರು, ಅದನ್ನು ನಾನು ನಂಬಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದು, ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೆಂಗಿನ ತೋಟಗಳಿಗೆ ನುಗ್ಗಿದ ಚಿತ್ರವನ್ನು ಟಿವಿಯಲ್ಲಿ ನೋಡಿದಾಗ ಅವರ ನೆನಪಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೇಟೆಯಿಂದ ಹೊಸ ಕಂಡೆನ್ಸರು ತಂದು ಮುಚ್ಚಳದೊಳಗೆ ಹಳೇ ಜಾಗದಲ್ಲೇ ಕೂರಿಸಿದೆವು. ಒಂದೆರಡು ತಿಂಗಳಿಗೆ ಅದೇ ರಾಗ. ಬಿಚ್ಚಿ ನೋಡಿದ ಸಾಬ್ರು ಅದನ್ನು ಶೆಡ್ಡಿನ ಹಿಂದಕ್ಕೆ ಎಸೆದರು. ಡಬ್ಬಿಯ ಮೇಲೆ ಹೆಸರು ಒಂದು, ಒಳಗಿನ ಸರಕು ಇನ್ನೊಂದು, ಡೂಪ್ಲಿಕೇಟು. ನನ್ನ ಗಾಡಿಯಲ್ಲಿ ಮೊದಲಿದ್ದದ್ದೂ ಹೀಗೇ ಯಾವನೋ ಹಾಕಿದ ಡೂಪ್ಲಿಕೇಟೇ ಇರಬೇಕು, ಕಾರ್ಖಾನೆಯಿಂದ ಬಂದದ್ದು ಅಷ್ಟು ಬೇಗ ಸಾಯಲ್ಲ ಅಂದರು. ಆಮೇಲೆ ಅಂಬಾಸಡರ್ ಕಂಡೆನ್ಸರನ್ನೇ, ಎಂಜಿನ್ನಿನಿಂದ ದೂರಕ್ಕೆ, ಟ್ಯಾಂಕಿನ ಕೆಳಗೆ ಗಾಳಿ ಬಡಿಯುವ ಕಡೆ ಬೋಲ್ಟು ಹಾಕಿ ಬಿಗಿದು, ಪಾಯಿಂಟಿನಿಂದ ಅಲ್ಲಿಗೆ ವೈರು ಎಳೆದರು. ಕಾರಿನದ್ದಾದರೂ ಅಳತೆಯಲ್ಲಿ ಹತ್ತಿರ ಹತ್ತಿರ ಒಂದೇ. ನೋಡಲು ಚೆನ್ನಾಗಿರಲಿಲ್ಲ. ಬಿಸಿಯಲ್ಲಿ ಕೆಡುವ ವಸ್ತುವನ್ನು ಬಿಸಿ ಇಲ್ಲದ ಕಡೆ ಇಟ್ಟರು, ಅಷ್ಟೆ. ಆ ಗಾಡಿ ನನ್ನ ಬಳಿ ಇರುವ ತನಕ ಮತ್ತೆ ಆ ಕಾರಣಕ್ಕೆ ನಿಲ್ಲಲಿಲ್ಲ.

ಹಿರಿಯೂರಿಗೆ ಹೋದಾಗಲೆಲ್ಲ ಸಾಬ್ರ ಶೆಡ್ಡಿನಲ್ಲಿ ಕೂತು ಕೆಡುವ ಗಾಡಿಗಳನ್ನು ನೋಡುವುದು ನನಗೆ ಚಟವಾಯಿತು. ಬಿಸಿಯಾದರೆ ನಿಲ್ಲುತ್ತೆ ಎಂದು ಬಂದ ಗಾಡಿಗಳಲ್ಲಿ ಎಲ್ಲವೂ ಕಂಡೆನ್ಸರಿನವಲ್ಲ. ಕಾಯಿಲಿನ ಒಳಗೆ ಆ ಕೂದಲೆಳೆಯ ತಾಮ್ರದ ತಂತಿ ಎಲ್ಲೋ ಒಂದು ಕಡೆ ತುಂಡಾಗಿರುತ್ತದೆ. ತಣ್ಣಗಿದ್ದಾಗ ತುದಿಗೆ ತುದಿ ತಾಗಿಕೊಂಡಿದ್ದು, ಬಿಸಿಗೆ ಹಿಗ್ಗಿದಾಗ ಬೇರೆಯಾಗುತ್ತದೆ. ಅಂಗಡಿಯಲ್ಲಿ ಮೀಟರು ಹಿಡಿದರೆ ಎಲ್ಲ ಸರಿ. ಸಾಬ್ರು ಅನುಮಾನದ ಕಾಯಿಲನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟು, ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮೀಟರು ಹಿಡಿಯುತ್ತಿದ್ದರು. ಹಿರಿಯೂರಿನ ಬಿಸಿಲಿಗಿಂತ ಒಳ್ಳೆಯ ಟೆಸ್ಟಿಂಗ್ ಮೆಷಿನ್ನು ಬೇಕೆ?

ಹೀರೊ ಹೊಂಡಾ ಬಂದ ಮೇಲೆ ಬೇರೊಂದು ಬಗೆಯ ರೋಗಿಗಳು ಬರತೊಡಗಿದರು. 1985ರಲ್ಲಿ ಸಿಡಿ 100 ಬಂದಾಗ ನಮ್ಮ ಊರುಗಳ ಬಹುತೇಕ ಮೇಸ್ತ್ರಿಗಳ ಕೈ ಎರಡು ಸ್ಟ್ರೋಕಿನಲ್ಲಿ ಪಳಗಿದ್ದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ತಲೆಯಲ್ಲಿ ಟ್ಯಾಪೆಟ್ಟು ಕಟಕಟ ಅಂದರೆ ಗಿರಾಕಿಗೆ ಸಮಾಧಾನವಿಲ್ಲ. ಸದ್ದು ನಿಲ್ಲಿಸಲು ಅದನ್ನು ಬಿಗಿ ಮಾಡಿಸಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಗಾಡಿ ರೇಷ್ಮೆ. ಬಿಸಿಯಾದಾಗ ವಾಲ್ವಿನ ಕಡ್ಡಿ ಉದ್ದವಾಗುತ್ತದೆ, ಬಿಟ್ಟಿರಬೇಕಾದ ಸಂದು ಇಲ್ಲದ್ದರಿಂದ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಪ್ರೆಶರ್ ಸೋರಿ ಸಿಗ್ನಲ್ಲಿನಲ್ಲಿ ಗಾಡಿ ಆಫ್. "ಸ್ವಲ್ಪ ಮಾತಾಡೋ ಟ್ಯಾಪೆಟ್ಟು ಒಳ್ಳೇದು ಸಾರ್, ಬಾಯಿ ಕಟ್ಟಿದ್ರೆ ಉಸಿರು ಹೋಗುತ್ತೆ" ಎಂದು ಅದನ್ನು ಅಳತೆಗೆ ಸಡಿಲಿಸಿ ಕಳಿಸುತ್ತಿದ್ದರು. ಚೋಕು ಎಳೆದು ಮರೆತವರೂ ಬರುತ್ತಿದ್ದರು. ಅವರಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಆದರೆ ಎಲ್ಲರೆದುರಿಗೆ ಜೋರಾಗಿ ಹೇಳಿ ಕಳಿಸುತ್ತಿದ್ದರು.

ಈಗ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಕಡ್ಡಾಯವಾದ ಮೇಲೆ ಹೊಸ ಬೈಕುಗಳಿಂದ ಕಾರ್ಬೊರೇಟರು ಹೆಚ್ಚುಕಡಿಮೆ ಮಾಯವಾಗಿದೆ. ನನ್ನ ಅಣ್ಣನ ಮಗನ ಬೈಕು ಈಚೆಗೆ ಇದೇ ಆಟ ಆಡಿತು: ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಗೆಳೆಯರಿಗೆ ತೋರಿಸಿಕೊಂಡು ಬರುವಾಗ ನಿಂತಿತು, ತಣ್ಣಗಾದ ಮೇಲೆ ಎದ್ದಿತು. ಸರ್ವೀಸ್ ಸೆಂಟರಿನ ಹುಡುಗಿ ಒಂದು ವೈರು ಚುಚ್ಚಿ ಪರದೆ ನೋಡಿ, ಕ್ರ್ಯಾಂಕ್ ಸೆನ್ಸರ್ ಅಂದಳು. ಗಾಡಿ ನಿಂತ ಹೊತ್ತಿಗೆ ಯಾವ ಸೆನ್ಸರಿನ ಸುದ್ದಿ ಬಂದಿಲ್ಲ ಅನ್ನುವುದನ್ನು ಅದರ ಕಂಪ್ಯೂಟರು ತಾನೇ ಬರೆದಿಟ್ಟುಕೊಂಡಿತ್ತು. ಯಾರೂ ಹಿಂದಿನ ಸೀಟಿನಲ್ಲಿ ಕೂತು ಸಾಯಲಿ ಎಂದು ಕೂಗಬೇಕಾಗಿಲ್ಲ. ಬಿಚ್ಚಿದ ಸೆನ್ಸರನ್ನು ನಾನು ಕೇಳಿ ಇಸಿದುಕೊಂಡೆ. ಕಪ್ಪು ಪ್ಲಾಸ್ಟಿಕ್ಕಿನ ಒಳಗೆ ಏನಿದೆ ಅಂದರೆ ಒಂದು ಅಯಸ್ಕಾಂತ, ಅದರ ಸುತ್ತ ಅದೇ ಕೂದಲೆಳೆಯ ತಾಮ್ರದ ತಂತಿ. ಕೂರುವ ಜಾಗವೂ ಅದೇ, ಎಂಜಿನ್ನಿನ ಮಗ್ಗುಲು.

ಯೆಜ್ಡಿಯನ್ನು ನಾನು ಬೇರೆ ಜಿಲ್ಲೆಗೆ ವರ್ಗವಾದಾಗ ಹೊಸದುರ್ಗದ ಒಬ್ಬ ಕೊಬ್ಬರಿ ವ್ಯಾಪಾರಿಗೆ ಕೊಟ್ಟೆ. ಅವರು ಸುತ್ತ ನೋಡಿ, ಟ್ಯಾಂಕಿನ ಕೆಳಗಿನ ಡಬ್ಬಿ ಮತ್ತು ವೈರು ಹಿಡಿದೆಳೆದು, "ಇದೇನ್ರಿ ಇದು ಬಾಲ?" ಎಂದು ಇನ್ನೂರು ರೂಪಾಯಿ ಇಳಿಸಿದರು. ಇನ್ನೂರು ಬಿಟ್ಟೆ, ಆ ಬಾಲ ಮುಟ್ಟಬೇಡಿ ಎಂದು ಹೇಳಿದೆ. ವರ್ಷವಾಗುವುದರೊಳಗೆ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮುಖ ಗಂಟಿಕ್ಕಿಕೊಂಡೇ ಮಾತು ಶುರು ಮಾಡಿದರು: ಗಾಡಿ ಬೆಳಿಗ್ಗೆ ಚೆನ್ನಾಗಿರುತ್ತೆ, ಹೊಳಲ್ಕೆರೆ ಮುಟ್ಟುವ ಮೊದಲು ನಿಲ್ಲುತ್ತೆ. ಬಾಲ ಇದೆಯಾ ಎಂದು ಕೇಳಿದೆ. ಅವರ ಊರಿನ ಯಾರೋ ಹುಡುಗ ಅದೆಲ್ಲ ಅಸಹ್ಯ ಎಂದು ತೆಗೆದು, ಕಂಡೆನ್ಸರನ್ನು ಒಳಗೇ ನೀಟಾಗಿ ಕೂರಿಸಿಕೊಟ್ಟಿದ್ದನಂತೆ.

ಸಾಬ್ರ ಶೆಡ್ಡಿನ ಗುರುತು ಹೇಳಿ, ಸ್ಯಾಂಪಲ್ ಡಬ್ಬಿಯ ಹಿಂದೆ ಗೆರೆ ಎಳೆದು ಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಭಾನುವಾರ ನಮ್ಮ ಕೊಬ್ಬರಿ ಲಾರಿ ಹಿರಿಯೂರು ಕಡೆ ಹೋಗುತ್ತೆ, ಅದರಲ್ಲೇ ಹಾಕಿ ಕಳಿಸ್ತೀನಿ" ಅಂದರು.

"ಲಾರಿಗೆ ಹಾಕಿದರೆ ಅವರು ಮುಟ್ಟಲ್ಲ. ಓಡಿಸಿಕೊಂಡೇ ಹೋಗಿ. ಬಿಸಿಲಿದ್ದಾಗ ಹೋಗಿ."